ಖಾಲಿ ಸೀಟಿನ ಬೆಲ್ಟು

ಕುಡಿದವರ ಕಾರನ್ನು ಅವರ ಮನೆಗೆ ಮುಟ್ಟಿಸುವುದು ಚುಂಚನ್ ಊರಿನಲ್ಲಿ ನನ್ನ ಕೆಲಸ. ಆ ಭಾನುವಾರ ಮಧ್ಯಾಹ್ನ ಬೆಟ್ಟದ ಬುಡದ ಅಂಗಡಿಯಿಂದ ನನ್ನನ್ನು ಕರೆಸಿದವನು ಹನ್‌ಗ್ಯೊಲ್ ಎಂಬ ಕಾಲೇಜು ಹುಡುಗ. ಅಕ್ಕಿ ಹೆಂಡ ಕುಡಿದು ಹಿಂದಿನ ಸೀಟಿನಲ್ಲಿ ಬಿದ್ದುಕೊಂಡ. ಹೊರಟದ್ದೇ ತಡ, ನನ್ನ ಪಕ್ಕದ ಖಾಲಿ ಸೀಟಿಗೆ ಬೆಲ್ಟು ಹಾಕಿ ಎಂದು ಕಾರು ಟಿಣ್ ಟಿಣ್ ಶುರುಮಾಡಿತು. ನಾನೇ ಎಳೆದು ಸಿಕ್ಕಿಸಿದೆ, ನಿಂತಿತು.

"ಯಾರನ್ನ ಕೂರಿಸಿದೀಯೋ ತಮ್ಮಾ?"

"ನಿಮಗೆ ಜೊತೆಗಿರ್ಲಿ ಅಂತ ಅಕ್ಕ," ಎಂದು ನಕ್ಕ.

ಕಾರಿನೊಳಗೆ ಬಿಸಿಗಾಳಿ ಹಾಕಿದ್ದರೂ, ಖಾಲಿ ಸೀಟಿನ ಕಡೆಗಿದ್ದ ನನ್ನ ಬಲಭುಜ ಮಾತ್ರ ತಣ್ಣಗಾಗುತ್ತಿತ್ತು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಅವನು, "ಇಲ್ಲೇ ಇಳೀರಿ, ಒಳಗೆ ನಾನೇ ನಿಲ್ಲಿಸ್ಕೋತೀನಿ," ಎಂದ.

"ಒಳಗೆ ಮಕ್ಕಳು ಆಡ್ತಿದಾವೆ ಕಣೋ."

"ಇಷ್ಟು ದೂರಕ್ಕೆ ಏನಾಗುತ್ತೆ?"

ನನ್ನ ಮಾತು ಕೇಳದೆ ಸ್ಟೇರಿಂಗ್ ಹಿಡಿದು ಕೂತ. ಮತ್ತೆ ಟಿಣ್ ಟಿಣ್. ತನ್ನ ಬೆಲ್ಟು ಹಾಕಿದ, ನಿಲ್ಲಲಿಲ್ಲ. ಪಕ್ಕದ್ದು ಹಾಕಿಯೇ ಇತ್ತು. ಅದರ ಕಡೆ ತಿರುಗಿ ನೋಡಿದವನು ಇಳಿದು ಬಂದು ಕೀಲಿ ನನ್ನ ಕೈಗಿಟ್ಟ.

"ನೀವೇ ನಿಲ್ಲಿಸಿ ಅಕ್ಕ."

ನಾನು ಕೂತೆ, ಸದ್ದು ನಿಂತಿತು. ಮಕ್ಕಳನ್ನು ದಾಟಿ ಕಾರು ನಿಲ್ಲಿಸಿದ ಮೇಲೆ ಪಕ್ಕದ ಬೆಲ್ಟು ಬಿಚ್ಚಲು ಕೈ ಚಾಚಿದೆ. ಅದು ಸೀಟಿಗೆ ಅಂಟಿಕೊಂಡಿರಲಿಲ್ಲ. ಸೀಟಿನಿಂದ ಒಂದು ಗೇಣು ಮುಂದೆ, ಯಾರದೋ ಎದೆಯ ಮೇಲೆ ಹಾದುಹೋದಂತೆ, ಬಿಗಿಯಾಗಿ ನಿಂತಿತ್ತು.