ನೀಲಿ ಬಣ್ಣದಡಿಯ ಕೆಂಪು ಕಾರು

“ಕೈ ತೆಗೀರಿ! ಕೈ ತೆಗೀರಿ ಅಂದ್ನಲ್ಲ!”

ಏಕನಾಥಮ್ಮ ತೆಗೆಯಲಿಲ್ಲ. ಉಳಿಯ ತುದಿಯನ್ನು ಪೆಟ್ಟಿಗೆಯ ತಳಕ್ಕೆ ಇನ್ನಷ್ಟು ನೂಕಿದಳು. ನೀರು ಕುಡಿದು ಉಬ್ಬಿದ್ದ ಪ್ಲೈವುಡ್ಡು ಚರ್ ಎಂದು ಬಾಯಿಬಿಟ್ಟಿತು. ಒಳಗಿದ್ದ ಕಪ್ಪು ನೀರು ಅವಳ ಪಾದದ ಮೇಲೆ ಸುರಿಯಿತು.

“ನೋಡ್ರಿ,” ಎಂದಳು ತಲೆಯೆತ್ತದೆ. “ಇಷ್ಟು ನೀರು ಹೊಟ್ಟೇಲಿಟ್ಕಂಡು ಕರೆಂಟ್ ಕೊಟ್ಟಿದ್ರೆ, ಪೆಟ್ಟಿಗೆ ಜೊತೆ ನೀವೂ ಹೋಗ್ತಿದ್ರಿ.”

ಪೆಟ್ಟಿಗೆ ತಂದಿದ್ದವನು ಒಂದು ಹೆಜ್ಜೆ ಹಿಂದೆ ಸರಿದ. “ನಾನು ಬಂದಿದ್ದು ಬಡಗಿ ಉಗ್ರಪ್ಪನೋರ ಹತ್ರ,” ಎಂದ.

“ಅವರು ನಮ್ಮ ಸೋದರಮಾವ. ಬಾಗಿಲು ಅಳತೆಗೆ ಹೊಸದುರ್ಗಕ್ಕೆ ಹೋಗವ್ರೆ, ಬರೋದು ಒಂದು ವಾರ. ಇಲ್ಲಿ ಬಣ್ಣ, ಪಾಲಿಶು ಎಲ್ಲಾ ನಂದೇ. ಕಾಯಂಗಿದ್ರೆ ಕಾಯ್ರಿ. ಇಲ್ಲಾಂದ್ರೆ ಸುಮ್ಕೆ ಕುಂತ್ಕಳ್ರಿ.”

“ಎರಡಕ್ಕೂ ಏನು ವ್ಯತ್ಯಾಸ?”

“ಕಾಯೋರು ಗೊಣಗ್ತಾರೆ.”

ಅವನು ನಕ್ಕುಬಿಟ್ಟ. ಆ ನಗು ಕೇಳಿ ಅವಳು ಮೊದಲ ಸಲ ತಲೆಯೆತ್ತಿದಳು. ಅಯ್ಯೋ... ಯಾಕಾದರೂ ಎತ್ತಿದೆನೋ!

ಅವನ ಹೆಸರು ಪಾಲಯ್ಯ, ರಾಮಗಿರಿಯವನು. ಊರೂರು ತಿರುಗುವ ವಸ್ತುಪ್ರದರ್ಶನದಲ್ಲಿ ಅವನದೊಂದು ಆಟದ ಸ್ಟಾಲು. ಐಮಂಗಲದ ಬಳಿ ಲಾರಿ ರಸ್ತೆ ಬಿಟ್ಟು ಹಳ್ಳಕ್ಕಿಳಿದಾಗ ಪೆಟ್ಟಿಗೆ ನೀರು ಕುಡಿದಿತ್ತು. ಇನ್ನು ಎಂಟು ದಿನಕ್ಕೆ ಚಿತ್ರದುರ್ಗದಲ್ಲಿ ಪ್ರದರ್ಶನ ಆರಂಭ. ಅಷ್ಟರಲ್ಲಿ ಪೆಟ್ಟಿಗೆ ಎದ್ದು ನಿಲ್ಲದಿದ್ದರೆ ಅವನ ಸ್ಟಾಲು ಹೋದಂತೆಯೇ.

ಎಪ್ಪತ್ತೊಂಬತ್ತನೇ ಇಸವಿ. ಹಿರಿಯೂರಿನಲ್ಲಿ ಟೀವಿ ಕಂಡವರೇ ಅಪರೂಪ. ಈ ಪೆಟ್ಟಿಗೆಯಲ್ಲೋ ಟೀವಿಯದೇ ಗಾಜು! ನಾಣ್ಯ ಹಾಕಿದರೆ ಕಪ್ಪು ಗಾಜಿನ ಮೇಲೆ ಬೆಳಕಿನ ಚುಕ್ಕಿಯೊಂದು ಚೆಂಡಿನಂತೆ ಹಾರುತ್ತದೆ. ಆ ಕಡೆಯೊಬ್ಬರು, ಈ ಕಡೆಯೊಬ್ಬರು ನಿಂತು, ಗುಂಡಿ ತಿರುಗಿಸಿ ಅದನ್ನು ಹೊಡೆಯಬೇಕು.

ಮೂರು ದಿನ ಅವಳು ಮರದ ಕೆಲಸ ಮಾಡಿದಳು, ಅವನು ತಂತಿಯ ಕೆಲಸ ಮಾಡಿದ. ಒಂದೇ ಪೆಟ್ಟಿಗೆಯ ಒಳಗೊಬ್ಬರು, ಹೊರಗೊಬ್ಬರು. ಮೂರನೇ ಮಧ್ಯಾಹ್ನ ಗಾಜು ಬೆಳಗಿತು.

“ಬರ್ರಿ, ಒಂದಾಟ ಆಡಾಣ. ಇಷ್ಟು ದಿನ ಎರಡು ಕಡೇನೂ ನಾನೇ ಆಡಿ ಪರೀಕ್ಷೆ ಮಾಡ್ತಿದ್ದೆ. ಎಡಗೈ ಯಾವಾಗ್ಲೂ ಸೋಲ್ತಿತ್ತು.”

“ಪಾಪ, ಎಡಗೈ!”

ಅವಳು ಗೆದ್ದಳು. ಎರಡನೇ ಸಲವೂ ಗೆದ್ದಳು. ಮಗುವಿನಂತೆ ಚಪ್ಪಾಳೆ ತಟ್ಟಿ ಕೇಳಿದಳು:

“ಇದನ್ನೆಲ್ಲ ನೀವೇ ಕಟ್ಟಿದ್ದಾ?”

ಪಾಲಯ್ಯ ಆ ಕಣ್ಣುಗಳನ್ನು ನೋಡಿದ. ‘ಒಳಗಿನದು ಮಾತ್ರ ನನ್ನದು’ ಎನ್ನಬೇಕಿತ್ತು. ಆದರೆ ಆ ಕಣ್ಣುಗಳು...

“ಹೂಂ. ತಲೆಯಿಂದ ಕಾಲ್ತನಕ ನಾನೇ.”

ಮರುದಿನ ಏಕನಾಥಮ್ಮ ಹಳೆಯ ಬಣ್ಣ ಕೆರೆಯಲು ಕುಳಿತಳು. ನೀಲಿ ಬಣ್ಣ ಸಿಪ್ಪೆಯಂತೆ ಎದ್ದಿತು. ಅದರಡಿಯಲ್ಲಿ ಕೆಂಪು. ಕೆಂಪು ನಿಧಾನವಾಗಿ ಚಕ್ರವಾಯಿತು, ಬಾಗಿಲಾಯಿತು... ಓಡುತ್ತಿರುವ ಒಂದು ಕಾರು! ಗುಂಡಿಗಳ ನಡುವೆ ಬೆರಳಾಡಿಸಿದಳು. ಅಲ್ಲೊಂದು ದುಂಡನೆಯ ಮರದ ಬಿಲ್ಲೆ. ಯಾವುದೋ ದೊಡ್ಡ ತೂತಿಗೆ ಅದನ್ನು ಬಡಿದು, ಸಂದಿಗೆ ಪುಟ್ಟಿ ಮೆತ್ತಿ ಮುಚ್ಚಿದ್ದರು. ಒಳಬದಿಯಲ್ಲಿ, ಯಾರೋ ಕೆರೆದು ಅಳಿಸಲು ನೋಡಿದ್ದ ಅಕ್ಷರ: ಬೋರಣ್ಣ, ಹೊಳಲ್ಕೆರೆ.

ಅವಳು ಆ ಅಕ್ಷರಗಳ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು.

ಅವಳು ಕುರಿಗಾಹಿ ಗೋವಿಂದಪ್ಪನ ಮಗಳು. ಒಂದೊಂದು ಮನೆಯ ಕುರಿಗೂ ಕಿವಿಯಲ್ಲಿ ಒಂದೊಂದು ಗುರುತು ಕತ್ತರಿಸಿರುತ್ತದೆ. ಕದ್ದವನು ಅದರ ಮೇಲೆ ತನ್ನ ಗುರುತು ಕತ್ತರಿಸುತ್ತಾನೆ. ಆದರೆ ಹಳೆಯ ಗಾಯ ಎಲ್ಲಿಗೂ ಹೋಗುವುದಿಲ್ಲ. ಹತ್ತು ವರ್ಷದವಳಿದ್ದಾಗ ಶ್ರೀರಾಂಪುರದ ಸಂತೆಯಲ್ಲಿ ಅವಳೇ ಕಿವಿ ಸವರಿ, ಕಳೆದುಹೋದ ತಮ್ಮ ಕುರಿಯನ್ನು ಹಿಡಿದುಕೊಟ್ಟಿದ್ದಳು. ಗುರುತಿನ ಮೇಲೆ ಗುರುತು ಬಿದ್ದಿದ್ದರೆ ಅದು ಕಳ್ಳತನ. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

“ಬೋರಣ್ಣ ಅಂದ್ರೆ ಯಾರು?” ಎಂದು ಕೇಳಿದಳು.

ಬೆಸುಗೆ ಹಾಕುತ್ತಿದ್ದ ಪಾಲಯ್ಯನ ಕೈ ನಿಂತಿತು.

“ಯಾ... ಯಾರೋ. ನಂಗೊತ್ತಿಲ್ಲ.”

ಅಷ್ಟು ಹೊತ್ತಿಗೆ ಅಂಗಡಿ ಮುಂದೆ ಜೀಪು ನಿಂತಿತು. ಇಳಿದವಳು ಪ್ರದರ್ಶನದ ಒಡತಿ ಚಂದ್ರಕ್ಕ. ಬಾಯಿತುಂಬ ಎಲೆಅಡಿಕೆ, ಹಿಂದೆ ಇಬ್ಬರು ಆಳುಗಳು.

“ಏನ್ಲಾ ಪಾಲಯ್ಯ, ನಿನ್ ಪೆಟ್ಟಿಗೆ ಬದುಕೈತೋ ಇಲ್ವೋ? ಇಲ್ಲಾಂದ್ರೆ ಆ ಜಾಗದಲ್ಲಿ ಬಳೆ ಅಂಗಡಿ ಹಾಕುಸ್ತೀನಿ ನೋಡು.”

ಹೇಳಬೇಡ, ಎಂದಿತು ಏಕನಾಥಮ್ಮನ ಮನಸ್ಸು. ಆದರೆ ಯಾರದೋ ಮನೆಯಲ್ಲಿ, ಕುರಿ ಕಳೆದುಕೊಂಡ ಅಪ್ಪನಂತೆ ಒಬ್ಬ ಬೋರಣ್ಣ ಕುಳಿತಿದ್ದರೆ?

“ಇದು ಕದ್ದ ಮಾಲು ಕಣಕ್ಕ,” ಎಂದಳು. “ಬೇರೆಯೋರ ಗುರುತಿನ ಮ್ಯಾಲೆ ಬಣ್ಣ ಬಳಿದವ್ರೆ.”

“ಇಲ್ಲ! ನಾನು ಕದ್ದಿಲ್ಲ!”

“ಹಂಗಾದ್ರೆ ಬೋರಣ್ಣ ಗೊತ್ತಿಲ್ಲ ಅಂದಿದ್ಯಾಕೆ? ಎಲ್ಲಾ ನಾನೇ ಕಟ್ಟಿದ್ದು ಅಂದಿದ್ಯಾಕೆ?”

ಪಾಲಯ್ಯ ಬೆಸುಗೆಕಡ್ಡಿ ಕೆಳಗಿಟ್ಟು ತಲೆ ತಗ್ಗಿಸಿದ.

“ಮೈದಾನಕ್ಕೆ ಪೊಲೀಸರು ಬರೋದು ನಂಗೆ ಬ್ಯಾಡಪ್ಪ,” ಎಂದು ಚಂದ್ರಕ್ಕ ಎಲೆ ಉಗಿದಳು. “ನಿನ್ ಸ್ಟಾಲು ಇಲ್ಲ, ಹೋಗು.”

ಅವನು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಟ. ಹೊಸಿಲ ಬಳಿ ಒಮ್ಮೆ ತಿರುಗಿ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಾದರೂ ಇದ್ದಿದ್ದರೆ!

ಆ ನೋಟವೇ ಮರುದಿನ ಅವಳನ್ನು ಬಸ್ಸು ಹತ್ತಿಸಿತು. ಹೊಳಲ್ಕೆರೆಯಲ್ಲಿ ವಿಚಾರಿಸುತ್ತ ಹೋದರೆ ಬೋರಣ್ಣ ಸಿಕ್ಕಿದ್ದು ಒಂದು ಸೈಕಲ್ ಅಂಗಡಿಯಲ್ಲಿ. ಮುದುಕ ಪಂಕ್ಚರ್ ಹಾಕುತ್ತಿದ್ದ. ಕಥೆ ಕೇಳಿ, ಕೈಯಲ್ಲಿದ್ದ ಟ್ಯೂಬು ಬಿಟ್ಟು ನಗತೊಡಗಿದ.

“ಕಳ್ಳತನವಾ? ಅದು ಮೊದ್ಲು ಮೋಟಾರು ಓಡ್ಸೋ ಆಟದ ಪೆಟ್ಟಿಗೆ ಕಣವ್ವ. ನೀನು ಕಂಡ ತೂತು ಸ್ಟೇರಿಂಗಿಂದು! ಒಳಗಿನ ಮಿಷಿನ್ನು ಸತ್ತೋದ್ಮೇಲೆ ನನ್ನ ಕೋಳಿ ಅದ್ರೊಳಗೆ ಮೊಟ್ಟೆ ಇಡ್ತಿದ್ವು. ಪಾಲಯ್ಯಂಗೆ ನಾನೇ ಎತ್ತಿಕೊಟ್ಟೆ. ಈ ಕಸುಬಲ್ಲಿ ಎಲ್ಲಾರೂ ಹಂಗೇ. ಹಳೇ ಆಟ ಸತ್ರೆ, ಅದೇ ಪೆಟ್ಟಿಗೇಲಿ ಹೊಸ ಆಟ ಕೂರುಸ್ತಾರೆ. ವರ್ಷಗಟ್ಟಲೆ ಇಲ್ಲೇ ಕುಂತು ಒಂದೊಂದು ತಂತೀನೂ ಜೋಡಿಸ್ದ, ಹುಚ್ಚನ ಥರ.”

“ಮತ್ತೆ ನಿಮ್ಮ ಹೆಸರು ಕೆರೆದಿದ್ದು?”

“ಅದಾ? ಕೋಳಿ ಕೆರೆದಿರ್ಬೇಕು!”

ಕುರಿಯ ಕಿವಿ ಓದಲು ಕಲಿತವಳು ಮರದ ಪೆಟ್ಟಿಗೆಯನ್ನೂ ಹಾಗೇ ಓದಿಬಿಟ್ಟಿದ್ದಳು.

ಹತ್ತು ಜನರೆದುರು ಆಡಿದ ತಪ್ಪು ಮಾತನ್ನು ಹತ್ತು ಜನರೆದುರೇ ನುಂಗಬೇಕು ಎಂಬುದು ಅವಳ ಅಪ್ಪನ ಮಾತು. ಅಲ್ಲಿಂದ ನೇರವಾಗಿ ಚಿತ್ರದುರ್ಗದ ಮೈದಾನಕ್ಕೆ ಬಂದಳು. ಡೇರೆ ಹಾಕುತ್ತಿದ್ದವರೆಲ್ಲ ಗೂಟ, ಸುತ್ತಿಗೆ ಹಿಡಿದು ನಿಂತು ನೋಡುತ್ತಿದ್ದರು. ಅವರ ನಡುವೆ ನಿಂತು ಕೈಮುಗಿದಳು.

“ಪಾಲಯ್ಯ ಕಳ್ಳ ಅಲ್ಲ. ನಂಗೆ ತಿಳೀದೆ ಅಂದೆ. ತಪ್ಪು ನಂದು.”

“ಏನವ್ವ ನೀನು!” ಎಂದಳು ಚಂದ್ರಕ್ಕ. “ನಿನ್ನೆ ಕಳ್ಳ, ಇವತ್ತು ದೇವ್ರು! ಮನಸ್ಸು ಕೊಟ್ಟ ಹುಡುಗೀರ ಹಣೆಬರಾನೇ ಇಷ್ಟು.” ಸುತ್ತಲಿದ್ದವರು ನಕ್ಕರು. ಏಕನಾಥಮ್ಮನ ಮುಖ ಕೆಂಪಾಯಿತು, ಆದರೆ ಅವಳು ಅಲ್ಲಗಳೆಯಲಿಲ್ಲ. ಚಂದ್ರಕ್ಕನ ದನಿ ಮೆತ್ತಗಾಯಿತು. “ಸ್ಟಾಲು ಹಂಗೇ ಐತೆ, ಹೋಗು. ಪೆಟ್ಟಿಗೆ ಎಬ್ಬಿಸು. ಹುಡುಗನಿಗೆ ನಾನು ಹೇಳಿ ಕಳುಸ್ತೀನಿ.”

ಹಿರಿಯೂರಿನ ಅಂಗಡಿಗೆ ಮರಳಿದ ಮೇಲೆ ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ತಳಕ್ಕೆ ಹೊಸ ಹಲಗೆ ಕೂರಿಸಿದಳು. ಆದರೆ ನೀಲಿ ಬಣ್ಣ ಬಳಿಯಲಿಲ್ಲ. ಕೆಂಪು ಕಾರನ್ನು ಒರೆಸಿ, ಹಾಗೆಯೇ ಉಳಿಸಿ, ಮೇಲೆ ವಾರ್ನಿಶು ಎಳೆದಳು. ತೂತಿನ ಬಿಲ್ಲೆಯನ್ನು ಮುಚ್ಚದೆ, ಕನ್ನಡಿಯಂತೆ ಉಜ್ಜಿದಳು. ಬೋರಣ್ಣನ ಹೆಸರನ್ನು ತಿದ್ದಿ, ಅದರ ಕೆಳಗೆ ಬರೆದಳು: ಪಾಲಯ್ಯ, ರಾಮಗಿರಿ.

ಮೂರನೇ ಬೆಳಿಗ್ಗೆ ಅವನು ಬಂದ. ಪೆಟ್ಟಿಗೆಯನ್ನು ಒಂದು ಸುತ್ತು ಬಂದು, ತನ್ನ ಹೆಸರಿನ ಮುಂದೆ ನಿಂತ.

“ಎಲ್ಲಾ ಕಾಣೋ ಹಂಗೆ ಮಾಡಿದೀರ.”

“ಮುಚ್ಚಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು?” ಅವಳ ಕಣ್ಣು ತುಂಬಿತು. “ಅವತ್ತೇ ನಿಜ ಹೇಳ್ಬಾರದಿತ್ತಾ?”

“ನೀವು ಆಟ ಗೆದ್ದು, ನನ್ನ ಹಂಗೆ ನೋಡಿದ್ರಲ್ಲ... ಯಾರೂ ನೋಡಿರ್ಲಿಲ್ಲ ಹಂಗೆ. ಅರ್ಧ ಪೆಟ್ಟಿಗೆ ನಂದು ಅಂದ್ರೆ ಅರ್ಧ ನೋಡಿಬಿಡ್ತೀರೇನೋ ಅನ್ನಿಸ್ತು.”

“ಹುಚ್ಚು ನಿಮಗೆ!” ಅತ್ತಳು, ನಕ್ಕಳು. “ನಾನು ನೋಡಿದ್ದು ಪೆಟ್ಟಿಗೆಯನ್ನಲ್ಲ.”

ಪಾಲಯ್ಯ ಅಂಗಿಯ ಗುಂಡಿ ತಿರುವಿದ. ಆಮೇಲೆ ಒಂದೇ ಉಸಿರಿಗೆ ಹೇಳಿದ:

“ಪೆಟ್ಟಿಗೆ ಚಂದ್ರಕ್ಕಂಗೆ ಒಪ್ಪಿಸಿಬಿಡ್ತೀನಿ. ಇಲ್ಲೇ ರೇಡಿಯೋ ಅಂಗಡಿ ಹಾಕ್ತೀನಿ. ಬರೋವಾಗ ಒಂದು ಹೆಂಚಿನ ಮನೆ ನೋಡ್ಕಂಡು ಬಂದೆ. ಬಾಗ್ಲಲ್ಲೇ ನಲ್ಲಿ ಐತೆ. ನನ್ನ ಜೊತೆ ಊರೂರು ಅಲೆಯೋ ಕಷ್ಟ ನಿಮಗ್ಯಾಕೆ? ಆ ಮನೆಗೆ... ಬರ್ತೀರಾ?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ನಿಮ್ಮ ಲಾರೀಲಿ, ಡ್ರೈವರ್ ಪಕ್ಕ ಎಷ್ಟು ಜನಕ್ಕೆ ಜಾಗ ಐತೆ?”

“ಇಬ್ಬರಿಗೆ. ಯಾಕೆ?”

“ನಮ್ಮವ್ವ ನನ್ನ ಹೆತ್ತಿದ್ದು ಕುರಿಮಂದೆ ಹಿಂದೆ, ದಾರೀಲಿ. ಮೂರನೇ ದಿನಕ್ಕೆ ನನ್ನ ಬೆನ್ನಿಗೆ ಕಟ್ಕಂಡು ನಡೆದ್ಲಂತೆ.” ಅವಳು ಅವನ ಕೈ ಹಿಡಿದಳು. “ಪೆಟ್ಟಿಗೇನೂ ಬಿಡಬ್ಯಾಡ್ರಿ. ನನ್ನೂ ಬಿಡಬ್ಯಾಡ್ರಿ.”

ಪಾಲಯ್ಯ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ.

“ಏಕನಾಥಮ್ಮ... ಮನೆ ನಿಜವಾಗ್ಲೂ ಚೆನ್ನಾಗೈತೆ. ಒಂದ್ಸಲ ನೋಡ್ಕಂಡಾದ್ರೂ ಬರಾಣ?”

“ಬ್ಯಾಡ,” ಎಂದಳು ಅವಳು.