ಬಸ್ ಸ್ಟ್ಯಾಂಡ್ ಡಾಕ್ಟ್ರು

2025ರ ನವೆಂಬರ್ 18, ಮಂಗಳವಾರ, ಬೆಳಿಗ್ಗೆ 10.40ಕ್ಕೆ ರುದ್ರಾಣಿ ಎಂಬ ಇಪ್ಪತ್ತಮೂರರ ಗೃಹಿಣಿ ಕಳಸ ಠಾಣೆಗೆ ಬಂದು ದೂರು ಕೊಟ್ಟಳು. ಸೊಸೆ ಏನು ಹೇಳಿಬಿಡುತ್ತಾಳೋ ಎಂದು ಕಾವಲಿಗೆ ಅತ್ತೆಯೂ ಬಂದಿದ್ದಳು.

ಮದುವೆಯಾದ ಹೊಸತರಲ್ಲಿ ರುದ್ರಾಣಿಯ ಮುಖದ ತುಂಬ ಮೊಡವೆ ಎದ್ದಿದ್ದವು. ಮೇ ತಿಂಗಳಿಂದ ದಿನಕ್ಕೊಂದು ಕ್ಯಾಪ್ಸೂಲ್ ನುಂಗಿದಳು. ಮೊಡವೆ ಹೋದವು. ತುಟಿ ಒಡೆಯಿತು, ಮೂಗಿನಿಂದ ರಕ್ತ ಬಂತು, ಕೀಲುಗಳು ನೋಯತೊಡಗಿದವು. ನಡುವೆ ಬಸಿರಾದಳು. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಮಗುವಿನ ತಲೆಯಲ್ಲಿ ನೀರು ತುಂಬಿತ್ತು, ಕಿವಿಗಳು ಮೂಡಿರಲಿಲ್ಲ. ಹಿಂದಿನ ವಾರ ಚಿಕ್ಕಮಗಳೂರಿನಲ್ಲಿ ಗರ್ಭ ತೆಗೆಸಬೇಕಾಯಿತು. ಈ ಕ್ಯಾಪ್ಸೂಲೇ ಕಾರಣ ಎಂದು ಅಲ್ಲಿನ ವೈದ್ಯೆ ಹೇಳಿದ್ದರು.

“ಮಾತ್ರೆನೂ ಅಲ್ಲ, ಎಂತದೂ ಅಲ್ಲ ಸಾರ್,” ಎಂದಳು ಅತ್ತೆ. “ಗ್ರಹಣದ ದಿನ ಬೇಡ ಅಂದ್ರೂ ಅಂಗಳಕ್ಕೆ ಇಳಿದ್ಲು. ಮಗೂನ ಇವ್ಳೇ ತಿಂದ್ಕೊಂಡ್ಲು.”

ರುದ್ರಾಣಿ ತಲೆ ಎತ್ತಲಿಲ್ಲ. “ನನ್ನ ತವರಿಗೆ ಕಳಿಸ್ತಾರಂತೆ ಸಾರ್. ನಂದು ತಪ್ಪಲ್ಲ ಅಂತ ಗೊತ್ತಾಗ್ಬೇಕು.”

ಇನ್ಸ್‌ಪೆಕ್ಟರ್ ಗಂಗಾಧರಪ್ಪ ಕೇಳಿದರು. “ಮಾತ್ರೆ ಕೊಟ್ಟಿದ್ದು ಯಾರು?”

“ಡಾಕ್ಟ್ರು.”

“ಯಾವ ಡಾಕ್ಟ್ರು?”

“ಬಸ್ ಸ್ಟ್ಯಾಂಡ್ ಡಾಕ್ಟ್ರು.”

ಎಫ್‌ಐಆರ್ ದಾಖಲಾಯಿತು. ಉಳಿದಿದ್ದ ನಾಲ್ಕು ಕ್ಯಾಪ್ಸೂಲ್‌ಗಳನ್ನು ಪಡೆದುಕೊಂಡರು. ಅವುಗಳ ಪಟ್ಟಿಯಲ್ಲಿ ಔಷಧದ ಹೆಸರು, ಎಚ್ಚರಿಕೆ ಇದ್ದ ಭಾಗವನ್ನು ಕತ್ತರಿಯಿಂದ ಕತ್ತರಿಸಲಾಗಿತ್ತು. ಪೊಟ್ಟಣದ ಮೇಲೆ ಹಸಿರು ಶಾಯಿಯಲ್ಲಿ ‘ರಾತ್ರಿ 1’ ಎಂದಿತ್ತು.

ಗಂಗಾಧರಪ್ಪ ಬಯಲು ಸೀಮೆಯವರು, ಇಲ್ಲಿಗೆ ವರ್ಗವಾಗಿ ಬಂದು ಎರಡು ತಿಂಗಳು. ಬಸ್ ಸ್ಟ್ಯಾಂಡ್ ಬಳಿಯ ಎರಡೂ ಕ್ಲಿನಿಕ್ಕುಗಳ ರಿಜಿಸ್ಟರ್ ತೆಗೆಸಿ ನೋಡಿದರು. ರುದ್ರಾಣಿಯ ಹೆಸರು ಎಲ್ಲೂ ಇಲ್ಲ. ಒಂದು ದಿನ ದಂಡವಾಯಿತು.

ಮರುದಿನ ಹೆಡ್ ಕಾನ್‌ಸ್ಟೇಬಲ್ ತಮ್ಮಯ್ಯ ಮೂಡಿಗೆರೆಯ ಕೋರ್ಟ್ ಡ್ಯೂಟಿ ಮುಗಿಸಿ ಬಂದು, ಹೊಟ್ಟೆ ಉಬ್ಬರಕ್ಕೆ ಮಾತ್ರೆ ನುಂಗಲು ಪೊಟ್ಟಣ ಬಿಚ್ಚಿದ. ಅದರ ಮೇಲೂ ಹಸಿರು ಶಾಯಿ.

“ಯಾರು ಕೊಟ್ಟಿದ್ದು?”

“ನಮ್ಮ ಡಾಕ್ಟ್ರು ಸಾರ್. ಮೆಡಿಕಲ್ ಶಾಪ್ ರೇಣುಕಪ್ರಸಾದ್.”

“ಅವನು ಡಾಕ್ಟ್ರಾ?”

“ಅಲ್ಲ ಸಾರ್. ಆದ್ರೆ ಊರಿಗೆಲ್ಲ ಅವ್ರೇ ಡಾಕ್ಟ್ರು.” ತಮ್ಮಯ್ಯನಿಗೆ ತಾನು ಹೇಳಿದ್ದು ಏನೆಂದು ಆಮೇಲೆ ಹೊಳೆಯಿತು. ಮಾತ್ರೆಯನ್ನು ಮೇಜಿನ ಮೇಲಿಟ್ಟ.

ನವೆಂಬರ್ 20, ಬೆಳಿಗ್ಗೆ 11.15. ಔಷಧ ಪರಿವೀಕ್ಷಕಿ ಸೌಮ್ಯ ಅವರ ಸಮ್ಮುಖದಲ್ಲಿ ಅಂಗಡಿಯ ಪಂಚನಾಮೆ ನಡೆಯಿತು. ಕೌಂಟರ್ ಅಡಿಯ ಬಿಸ್ಕತ್ ಡಬ್ಬಿಯಲ್ಲಿ ಕತ್ತರಿಸಿದ ತುಂಡುಗಳು ತುಂಬಿದ್ದವು. ಪ್ರತಿ ತುಂಡಿನಲ್ಲೂ ಬಸುರಿಯ ಚಿತ್ರ, ಅದರ ಮೇಲೆ ಕೆಂಪು ಗೀಟು: ಬಸುರಿಯರು ನುಂಗಬಾರದೆಂಬ ಗುರುತು. ಸೌಮ್ಯ ಎಣಿಸುತ್ತಾ ಹೋದರು. ನೂರು ದಾಟಿದಾಗ ಗಂಗಾಧರಪ್ಪ ಹೊರಗೆ ಹೋಗಿ ಚರಂಡಿಗೆ ಉಗಿದು ಬಂದರು.

“ಇದನ್ನ ಯಾಕೆ ಕತ್ತರಿಸಿದೆ?” ಎಂದು ರೇಣುಕಪ್ರಸಾದನನ್ನು ಕೇಳಿದರು.

“ನೋಡಿದ್ರೆ ಹೆಣ್ಮಕ್ಳು ಹೆದರ್ತಾರೆ ಸಾರ್.”

“ಮುಟ್ಟು ನಿಂತಿದೆ ಅಂತ ಆ ಹುಡುಗಿ ನಿನಗೆ ಹೇಳಿದ್ಲಾ?”

“ಹೇಳಿದ್ಲು.”

“ನೀನೇನಂದೆ?”

“ಉಷ್ಣ ಆಗಿರತ್ತೆ, ಎಳನೀರು ಕುಡಿ, ಮಾತ್ರೆ ಬಿಡ್ಬೇಡ ಅಂದೆ.”

ಸಂಜೆ 5.20ಕ್ಕೆ ಅವನನ್ನು ಬಂಧಿಸಲಾಯಿತು. ದುಡ್ಡಿಗಾಗಿ ಮಾಡಿದ್ದಲ್ಲ ಎಂದು ಅವನು ಆಣೆ ಹಾಕಿದ. ಅದು ನಿಜವೂ ಆಗಿತ್ತು. ಅದಕ್ಕೇ ಗಂಗಾಧರಪ್ಪನವರಿಗೆ ಇನ್ನಷ್ಟು ಹೇಸಿಗೆಯಾಯಿತು. “ಇಪ್ಪತ್ತು ವರ್ಷದಿಂದ ಎಲ್ರೂ ಡಾಕ್ಟ್ರೇ ಡಾಕ್ಟ್ರೇ ಅಂತಿದ್ರು ಸಾರ್. ನಂಗೆ ಗೊತ್ತಾಗಲ್ಲ, ಆಸ್ಪತ್ರೆಗೆ ಹೋಗು ಅನ್ನೋಕೆ ಬಾಯೇ ಬರ್ಲಿಲ್ಲ.”

ಹೇಳಿಕೆಗೆ ಸಹಿ ಹಾಕಲು ಅತ್ತೆಯ ಜೊತೆ ಠಾಣೆಗೆ ಬಂದಿದ್ದ ರುದ್ರಾಣಿ ನೆಟ್ಟಗೆ ಅವನೆದುರು ಹೋಗಿ ನಿಂತಳು. “ಅತ್ತೆಗೆ ಹೇಳಿ. ಯಾತರಿಂದ ಹೀಗಾಯ್ತು ಅಂತ ನೀವೇ ಹೇಳಿ.”

ಅವನು ನೆಲ ನೋಡಿಕೊಂಡೇ ಹೇಳಿದ. “ಮಾತ್ರೆಯಿಂದ್ಲೇ ಅಮ್ಮ. ಅವ್ಳದ್ದೇನೂ ತಪ್ಪಿಲ್ಲ.”

ಚಿಕ್ಕಮಗಳೂರಿನ ವೈದ್ಯೆಯ ವರದಿಯನ್ನು ಗಂಗಾಧರಪ್ಪ ಅತ್ತೆಗೆ ಎರಡು ಸಲ ಓದಿ ಹೇಳಿದ್ದರು. ಆಕೆ ಕಿವಿಗೇ ಹಾಕಿಕೊಂಡಿರಲಿಲ್ಲ. ಈಗ ಸೆರಗಿನಿಂದ ಮುಖ ಒರೆಸಿಕೊಂಡು ಸೊಸೆಯ ಕೈ ಹಿಡಿದಳು.

“ಬಾ, ಮನೆಗೆ ಹೋಗಣ. ಡಾಕ್ಟ್ರೇ ಹೇಳಿದ್ಮೇಲೆ ಇನ್ನೆಂತ.”