ಡೆಲ್ಫಿನಾ ಆಡದ ಫೈನಲ್

ಅನ್ಸೆಲ್ಮೊನನ್ನು ಡೆಲ್ಫಿನಾ ಮೊದಲು ಕಂಡಿದ್ದು ಜಗಳದಲ್ಲೇ.

ಮಪುಟೊ ನಗರದ ಗೈವೋತಾ ಕ್ಲಬ್ಬಿನ ಮಹಿಳಾ ಬಾಸ್ಕೆಟ್‌ಬಾಲ್ ತಂಡಕ್ಕೆ ಅವನು ಸಹಾಯಕ ಕೋಚ್ ಆಗಿ ಬಂದ ಮೊದಲ ದಿನ ಅದು. ಅಭ್ಯಾಸದ ನಡುವೆ ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿದ.

"ಏಳನೇ ನಂಬರ್, ಚೆಂಡು ನಿಮ್ಮೊಬ್ಬರದ್ದೇ ಅಲ್ಲ."

ವರ್ಷಗಟ್ಟಲೆ ಈ ತಂಡವನ್ನು ಹೆಗಲ ಮೇಲೆ ಹೊತ್ತ ಡೆಲ್ಫಿನಾಗೆ, ಅದೂ ಎಲ್ಲರೆದುರು ಈ ಮಾತು! ಅವಳು ಚೆಂಡನ್ನು ನೇರ ಅವನ ಎದೆಗೆ ಎಸೆದಳು.

"ತಗೊಳ್ಳಿ ಹಾಗಾದ್ರೆ. ನೀವೇ ಆಡಿ."

ಅವನು ಚೆಂಡು ಹಿಡಿದು ನಕ್ಕುಬಿಟ್ಟ. ಆ ನಗು ಮನೆಗೆ ಹೋದರೂ ಅವಳ ಬೆನ್ನು ಬಿಡಲಿಲ್ಲ.

ಲೀಗ್ ಶುರುವಾಯಿತು. ಗೈವೋತಾ ಗೆಲ್ಲುತ್ತಾ ಹೋಯಿತು. ಅಭ್ಯಾಸ ಮುಗಿದ ಮೇಲೆ ಇಬ್ಬರೂ ಬ್ರೆಡ್ಡಿನೊಳಗೆ ಬಿಸಿ ಬಜ್ಜಿ ಇಟ್ಟುಕೊಂಡು ಸಮುದ್ರದ ಕಟ್ಟೆಯ ಮೇಲೆ ಕೂರತೊಡಗಿದರು. ಮಾತು ಆಟದಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಗುತ್ತಿತ್ತು.

ಅಲ್ಲೇ ಒಂದು ಸಂಜೆ ಅವಳು ಅಮ್ಮನಿಗೂ ಹೇಳದ ಗುಟ್ಟನ್ನು ಅವನಿಗೆ ಹೇಳಿದಳು. ಜಿಗಿದು ಇಳಿಯುವಾಗಲೆಲ್ಲ ಎಡಮಂಡಿಯೊಳಗೆ ಏನೋ ಜಾರಿದಂತಾಗುತ್ತದೆ. ನೋವಿಗೆ ಕಣ್ಣು ಕತ್ತಲೆ ಬರುತ್ತದೆ. ಆದರೆ ಸೆಮಿಫೈನಲ್ಲಿಗೆ ಲಿಸ್ಬನ್ನಿನ ಕ್ಲಬ್ಬೊಂದರವರು ಅವಳ ಆಟ ನೋಡಲೆಂದೇ ಬರುವವರಿದ್ದರು.

"ಯಾರಿಗೂ ಹೇಳ್ಬೇಡ. ಅದೊಂದು ಆಡ್ಬಿಡ್ತೀನಿ."

ಅವನು ಅವಳ ಕೈ ಹಿಡಿದುಕೊಂಡ. ಅದನ್ನೇ ಅವಳು ಒಪ್ಪಿಗೆ ಎಂದುಕೊಂಡಳು...

ಸೆಮಿಫೈನಲ್ ದಿನ ಅವಳು ಬೂಟಿನ ಲೇಸು ಕಟ್ಟುತ್ತಿದ್ದಾಗ ಮುಖ್ಯ ಕೋಚ್ ಡೋನಾ ಎಮಿಲಿಯಾ ಹೊರಗೆ ಕರೆದರು. ಮಂಡಿಯ ವಿಷಯ ತಿಳಿಯಿತೆಂದೂ ಇವತ್ತು ಅವಳನ್ನು ಆಡಿಸುವುದಿಲ್ಲವೆಂದೂ ಹೇಳಿದರು. ಯಾರು ಹೇಳಿದರೆಂದು ಡೆಲ್ಫಿನಾ ಕೇಳಲಿಲ್ಲ. ಅನ್ಸೆಲ್ಮೊ ಗೋಡೆಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ.

ಅವಳು ಅವನ ಹತ್ತಿರ ಹೋದಳು.

"ನಾನು ಹೇಳಿದ್ದು ಕೋಚ್‌ಗಲ್ಲ, ಅನ್ಸೆಲ್ಮೊ. ನನ್ನವನು ಅಂದ್ಕೊಂಡವನಿಗೆ."

ಅವನು ಬಾಯಿ ತೆರೆದ. ಕೇಳಲು ಅವಳು ನಿಲ್ಲಲಿಲ್ಲ.

ಆ ಪಂದ್ಯವನ್ನು ತಂಡ ಗೆದ್ದಿತು. ಲಿಸ್ಬನ್ನಿನವರು ಬೇರೆ ಹುಡುಗಿಯನ್ನು ಆರಿಸಿಕೊಂಡು ಹೋದರು. ಡೆಲ್ಫಿನಾ ಫೋನು ಆರಿಸಿ ಮನೆಯಲ್ಲೇ ಉಳಿದಳು.

ಫೈನಲ್ಲೂ ಗೆದ್ದರು, ಅವಳಿಲ್ಲದೆಯೇ. ಗೆಳತಿಯರು ಹಾಡುತ್ತಾ ಕಪ್ಪನ್ನು ಅವಳ ಮನೆಗೇ ತಂದು ಮಡಿಲಲ್ಲಿಟ್ಟರು. ಅವಳು ನಕ್ಕಳು, ಒಬ್ಬೊಬ್ಬರನ್ನೇ ಹೊಗಳಿದಳು, ಆಮೇಲೆ ಹಿತ್ತಿಲಿಗೆ ಹೋಗಿ ಅತ್ತಳು.

ಜುಲ್ಮಿರಾ ಹಿಂದೆಯೇ ಬಂದಳು. ತಂಡದಲ್ಲಿ ಡೆಲ್ಫಿನಾಗೆ ತೀರ ಹತ್ತಿರದವಳು ಅವಳೇ. ಸಮಾಧಾನ ಮಾಡಲೆಂದು ನಡೆದದ್ದನ್ನು ಹೇಳಿದಳು. ಸೆಮಿಫೈನಲ್ಲಿಗೆ ಕೂರಿಸಿದ್ದ ಡೋನಾ ಎಮಿಲಿಯಾ ಕಪ್ಪಿನ ಆಸೆಗೆ ಮನಸ್ಸು ಬದಲಿಸಿ, ನೋವು ತಿಳಿಯದಂತೆ ಚುಚ್ಚುಮದ್ದು ಕೊಡಿಸಿ ಡೆಲ್ಫಿನಾಳನ್ನು ಫೈನಲ್ ಆಡಿಸಬೇಕೆಂದು ಹೊರಟಿದ್ದರಂತೆ. ಅನ್ಸೆಲ್ಮೊ ಅಡ್ಡ ನಿಂತು ಅದನ್ನು ತಡೆದನಂತೆ. ಆಗಲೇ ಅವನ ಕೆಲಸವೂ ಹೋಯಿತಂತೆ.

"ನಿನ್ನ ಉಳಿಸಿದ ಕಣೇ ಅವನು."

ಡೆಲ್ಫಿನಾಗೆ ಅದು ಎರಡನೇ ಇರಿತ. 'ಫೈನಲನ್ನೂ ಕಿತ್ತುಕೊಂಡನಲ್ಲ... ನನ್ನನ್ನು ಒಂದು ಮಾತೂ ಕೇಳದೆ!'

ಸ್ಕ್ಯಾನ್ ನೋಡಿದ ಡಾಕ್ಟರು, ಮಂಡಿಯ ಲಿಗಮೆಂಟ್ ಎಳೆಯಷ್ಟು ಮಾತ್ರ ಉಳಿದಿದೆ, ಇನ್ನೊಂದು ಪಂದ್ಯ ಆಡಿದ್ದರೆ ಮತ್ತೆ ಆಡುವ ಮಾತೇ ಇರುತ್ತಿರಲಿಲ್ಲ ಎಂದರು. ಆಪರೇಷನ್ ಆಯಿತು. ಹಾಸಿಗೆಯಲ್ಲಿ ಮಲಗಿ ಅವಳು ಯೋಚಿಸಿದಳು. ಅವನು ಮಾಡಿದ್ದೇ ಸರಿ. ಹಾಗಾದರೆ ಈ ಸಂಕಟ ಯಾಕೆ ಕರಗುತ್ತಿಲ್ಲ?

ಅವಳು ಮನೆಗೆ ಮರಳಿದ ಮೇಲೆ ಅನ್ಸೆಲ್ಮೊ ಬಂದ. ಮಾವಿನ ಮರದ ಕೆಳಗೆ ಕಾಲು ಚಾಚಿ ಕೂತಿದ್ದ ಅವಳ ಮುಂದೆ ಬಂದು ನಿಂತ. ಅಮ್ಮ ಒಂದು ಕುರ್ಚಿ ತಂದಿಟ್ಟು ಒಳಗೆ ಹೋದಳು. ಅವನು ಕೂರಲಿಲ್ಲ.

"ನೀನು ಮಾಡಿದ್ದು ಸರಿ ಅಂತ ಡಾಕ್ಟ್ರು ಹೇಳಿದ್ರು," ಎಂದಳು ಡೆಲ್ಫಿನಾ. "ಆದ್ರೂ ನನಗೆ ಉರೀತಿದೆ. ಮೊದ್ಲು ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದ್ಮೇಲೆ ನನ್ನ ಕೈಲಿ ಆಗ್ತಿರ್ಲಿಲ್ಲ."

"ಅದಕ್ಕೆ ಬೆನ್ನ ಹಿಂದೆ ಹೋದ್ಯಾ?"

"ಹೂಂ. ಹೆದರಿಬಿಟ್ಟೆ. ಕೋಚ್‌ಗೆ ಹೇಳಿದ್ದು ತಪ್ಪು ಅನ್ನಲ್ಲ. ನಿನಗೆ ಮುಚ್ಚಿಟ್ಟಿದ್ದು ತಪ್ಪು. ನಿನ್ನ ಮೇಲೆ ಪ್ರಾಣ ಇಟ್ಕೊಂಡಿದೀನಿ ಅಂತ ಹೇಳೋಕೂ ಆಗದ ಹಾಗೆ ಮಾಡ್ಕೊಂಡೆ."

ಕಣ್ಣು ತುಂಬಿ ಬಂದದ್ದನ್ನು ಡೆಲ್ಫಿನಾ ಒರೆಸಿಕೊಳ್ಳಲಿಲ್ಲ.

"ಇನ್ನೊಂದ್ಸಲ ಹೀಗಾದ್ರೆ?"

"ಮೊದ್ಲು ನಿನಗೆ ಹೇಳ್ತೀನಿ. ನೀನು ಬಯ್ಯೋದೆಲ್ಲ ಬೈದ್ಮೇಲೆ ಕೋಚ್‌ಗೆ ಹೇಳ್ತೀನಿ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಅವನು ಹೊರಡಲೋ ನಿಲ್ಲಲೋ ತಿಳಿಯದೆ ನಿಂತಿದ್ದ. "ನಾನು ಹೋಗ್ಲಾ?"

"ಕೂತ್ಕೊ," ಎಂದಳು ಡೆಲ್ಫಿನಾ. "ನೀನು ಹೋದ್ರೆ ಎದ್ದು ನಿನ್ನ ಹಿಂದೆ ಬರೋಕೆ ನನಗೀಗ ಕಾಲಿಲ್ಲ."